ಕಾರ್ಡ್ ಆಮೇಲೆ ತನ್ನಿ, ಮೊದಲು ಕರೆಂಟ್ ಸರಿ ಮಾಡಿಸಿ

ಹೋಬಳಿ ಮಟ್ಟದ ಊರುಗಳಲ್ಲೂ ಈಗ ವಿಡಿಯೊ ಎಡಿಟಿಂಗ್ ಮಾಡುವ ಜಾಗ ಒಂದಾದರೂ ಇದ್ದೇ ಇರುತ್ತದೆ. ಕೆಲವು ಕಡೆ ಅದು ಫೋಟೊ ಸ್ಟುಡಿಯೊದ ಹಿಂದಿನ ಚಿಕ್ಕ ಕೋಣೆ, ಕೆಲವು ಕಡೆ ಮನೆಯ ಪಡಸಾಲೆ. ಮದುವೆ ವಿಡಿಯೊ, ಜಾತ್ರೆ ವಿಡಿಯೊ, ಫ್ಲೆಕ್ಸ್ ಡಿಸೈನ್, ಯೂಟ್ಯೂಬ್ ಚಾನೆಲ್ ಎಲ್ಲದರ ಕೆಲಸವೂ ಅಲ್ಲೇ ನಡೆಯುತ್ತದೆ. ಅಲ್ಲಿ ಕೂತು ಮಾತಾಡಿದರೆ ಒಂದು ಮಾತು ಖಂಡಿತ ಬರುತ್ತದೆ: "ಸಿಸ್ಟಮ್ ಬಹಳ ಸ್ಲೋ ಆಗಿದೆ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು."

ಹಾಕಿಸಿಕೊಳ್ಳಲಿ. ದುಡಿಯುವ ಹುಡುಗರಿಗೆ ಒಳ್ಳೆಯ ಯಂತ್ರ ಬೇಕು. ಆದರೆ ಕಾರ್ಡ್ ಕೊಳ್ಳುವುದು ಈ ಕೆಲಸದ ಕೊನೆಯ ಹಂತ ಆಗಬೇಕು ಎನ್ನುವುದು ನಮ್ಮ ಅಭಿಪ್ರಾಯ. ಅದಕ್ಕೆ ಮೊದಲು ಪೆಟ್ಟಿಗೆಯೊಳಗಿನ ಎಸ್‌ಎಂಪಿಎಸ್ ನೋಡಬೇಕು. ಅದಕ್ಕೂ ಮೊದಲು ಗೋಡೆಯ ಸಾಕೆಟ್‌ಗೆ ಅರ್ಥಿಂಗ್ ಬಂದಿದೆಯೇ ಎಂದು ನೋಡಬೇಕು. ನಮ್ಮ ಕಡೆ ನಡೆಯುತ್ತಿರುವುದು ಇದರ ಉಲ್ಟಾ. ಸಂಘದಲ್ಲಿ ಸಾಲ ತೆಗೆದು ಕಾರ್ಡ್ ತರುತ್ತೇವೆ, ಹಳೆಯ ಎಸ್‌ಎಂಪಿಎಸ್‌ಗೇ ಸಿಕ್ಕಿಸುತ್ತೇವೆ, ಅರ್ಥಿಂಗ್ ವಿಷಯ ಯಾರಿಗೂ ನೆನಪಾಗುವುದೇ ಇಲ್ಲ.

ಹೋಗುವುದು ಬರೀ ಕಾರ್ಡ್ ಅಲ್ಲ

ನಾವು ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಅನ್ನುತ್ತೇವೆ. ಆ ಪೆಟ್ಟಿಗೆಯ ಹಿಂದೆ, ಕರೆಂಟ್ ವೈರ್ ಸಿಕ್ಕಿಸುವ ಜಾಗದಲ್ಲಿ ಇರುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು ಇದು 12, 5 ಮತ್ತು 3.3 ವೋಲ್ಟ್ ಡಿಸಿ ಮಾಡಿ ಒಳಗಿನ ಎಲ್ಲ ಭಾಗಗಳಿಗೆ ಹಂಚುತ್ತದೆ. ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್‌ಡಿಸ್ಕ್, ಕಾರ್ಡ್ ಎಲ್ಲಕ್ಕೂ ಊಟ ಇದೊಂದೇ ಅಡುಗೆಮನೆಯಿಂದ.

ಒಳ್ಳೆಯ ಎಸ್‌ಎಂಪಿಎಸ್ ಕೆಟ್ಟರೆ ಸುಮ್ಮನೆ ಆಫ್ ಆಗುತ್ತದೆ. ಅದರೊಳಗೆ ಓವರ್‌ಲೋಡ್, ಶಾರ್ಟ್, ಹೆಚ್ಚು ವೋಲ್ಟೇಜ್ ಕಂಡ ಕೂಡಲೇ ನಿಲ್ಲಿಸುವ ರಕ್ಷಣೆ ಇರುತ್ತದೆ. ಅಗ್ಗದ ಡಬ್ಬಿಯಲ್ಲಿ ಆ ರಕ್ಷಣೆಗಳನ್ನೇ ಉಳಿತಾಯ ಮಾಡಿರುತ್ತಾರೆ. ಅದು ಕೆಡುವಾಗ 12 ವೋಲ್ಟ್ ಲೈನಿನಲ್ಲಿ ಹೆಚ್ಚು ವೋಲ್ಟೇಜ್ ನುಗ್ಗಿದರೆ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಕಾರ್ಡನ್ನು ಇನ್ನೊಮ್ಮೆ ಕೊಳ್ಳಬಹುದು. ಹಾರ್ಡ್‌ಡಿಸ್ಕ್‌ನಲ್ಲಿದ್ದ ಯಾರದೋ ಧಾರೆಯ ವಿಡಿಯೊ ಇನ್ನೊಮ್ಮೆ ಶೂಟ್ ಮಾಡಲಾಗುವುದಿಲ್ಲ. ಊರಲ್ಲಿ ಸ್ಟುಡಿಯೊ ನಡೆಸುವವರಿಗೆ ಇರುವುದು ಹೆಸರೊಂದೇ. ಅದು ಒಮ್ಮೆ ಹೋದರೆ ಮುಂದಿನ ಸೀಸನ್‌ಗೆ ಆರ್ಡರ್ ಬರುವುದಿಲ್ಲ.

ನಿಜಕ್ಕೂ ಕಾರ್ಡ್ ಬೇಕೇ?

ಇದನ್ನು ಮೊದಲೇ ಕೇಳಿಕೊಳ್ಳಬೇಕು. ನುಡಿ, ಬರಹದಲ್ಲಿ ಟೈಪಿಂಗ್, ಆಧಾರ್–ಪಹಣಿ ಪ್ರಿಂಟ್, ಆನ್‌ಲೈನ್ ಅರ್ಜಿ, ಟ್ಯಾಲಿ ಲೆಕ್ಕ, ಇಷ್ಟೇ ಕೆಲಸ ಇದ್ದರೆ ಗ್ರಾಫಿಕ್ಸ್ ಕಾರ್ಡ್‌ನಿಂದ ಏನೂ ಲಾಭವಿಲ್ಲ. ಫೋಟೊಶಾಪ್‌ನಲ್ಲಿ ಆಲ್ಬಮ್ ಮಾಡುವವರಿಗೂ ಹೆಚ್ಚಿನ ಸಲ ಬೇಕಿರುವುದು ರ‍್ಯಾಮ್ ಮತ್ತು ಎಸ್‌ಎಸ್‌ಡಿ. ಹಳೆಯ ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂದರೆ ಅರ್ಧ ಕಂಪ್ಯೂಟರ್ ಹೊಸದಾದಂತೆ ಅನಿಸುತ್ತದೆ. ಅದಕ್ಕೆ ಹೆಚ್ಚುವರಿ ಕರೆಂಟ್ ಕೂಡ ಬೇಡ.

ಕಾರ್ಡ್ ನಿಜಕ್ಕೂ ಕೆಲಸ ಕೊಡುವುದು ವಿಡಿಯೊ ಎಡಿಟಿಂಗ್‌ನಲ್ಲಿ. ಅದರಲ್ಲೂ ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶ ಕಾರ್ಡಿನ ಮೇಲೆಯೇ ಹೆಚ್ಚು ಭಾರ ಹಾಕುತ್ತದೆ. 4ಕೆ ವಿಡಿಯೊ, ಕಲರ್ ಗ್ರೇಡಿಂಗ್ ಮಾಡುವವರಿಗೆ ಕಾರ್ಡ್ ಬೇಕೇ ಬೇಕು. ಅಪರೂಪಕ್ಕೆ ಎಡಿಟಿಂಗ್ ಮಾಡುವವರು ಪ್ರಾಕ್ಸಿ ಮಾಡಿಕೊಂಡು ಕೆಲಸ ಮಾಡಿ ನೋಡಲಿ. ಪ್ರಾಕ್ಸಿ ಎಂದರೆ ದೊಡ್ಡ ಫೈಲಿನ ಹಗುರ ಪ್ರತಿ. ಎಡಿಟಿಂಗ್ ಪೂರ್ತಿ ಅದರಲ್ಲೇ ಮಾಡಿ ಕೊನೆಗೆ ಮೂಲ ಫೈಲಿನಿಂದ ವಿಡಿಯೊ ತೆಗೆಯುವುದು. ಇದಕ್ಕೆ ಬಿಡಿಗಾಸೂ ಖರ್ಚಿಲ್ಲ.

ಲೆಕ್ಕ ಹೀಗೆ ಹಾಕಿ

ಕಾರ್ಡ್ ಬೇಕೇ ಬೇಕು ಎಂದಾದರೆ ಒಂದು ಹಾಳೆ ತೆಗೆದುಕೊಳ್ಳಿ. ಪ್ರೊಸೆಸರ್ ಎಷ್ಟು ವ್ಯಾಟ್, ಕಾರ್ಡ್ ಎಷ್ಟು ವ್ಯಾಟ್, ಉಳಿದದ್ದಕ್ಕೆಲ್ಲ ಸೇರಿ ಸುಮಾರು 50 ವ್ಯಾಟ್ ಎಂದು ಬರೆಯಿರಿ.

ಉದಾಹರಣೆಗೆ ಇಂಟೆಲ್ ಐ5 6500 ಪ್ರೊಸೆಸರ್ 65 ವ್ಯಾಟ್‌ನದು. ಆರ್‌ಟಿಎಕ್ಸ್ 3050ರ 8 ಜಿಬಿ ಕಾರ್ಡ್ 130 ವ್ಯಾಟ್. ಉಳಿದದ್ದಕ್ಕೆ 50. ಒಟ್ಟು 245. ಹಾಗಾದರೆ 250 ವ್ಯಾಟ್ ಎಸ್‌ಎಂಪಿಎಸ್ ಸಾಕಲ್ಲ ಅನ್ನಬೇಡಿ. ಕಾರ್ಡ್ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. ಕ್ಷಣಮಾತ್ರ ತನ್ನ ಮಿತಿಗಿಂತ ಬಹಳ ಮೇಲೆ ಹಾರಿ ಮತ್ತೆ ಇಳಿಯುತ್ತದೆ. ಏರು ದಾರಿಯಲ್ಲಿ ಲೋಡ್ ಗಾಡಿಗೆ ಎಂಜಿನ್ ಶಕ್ತಿ ಮಿಗಬೇಕಲ್ಲ, ಹಾಗೆ ಇಲ್ಲೂ ಶಕ್ತಿ ಮಿಗಬೇಕು. ಎನ್‌ವಿಡಿಯಾ ಕಂಪನಿಯೇ ಈ ಕಾರ್ಡ್‌ಗೆ 550 ವ್ಯಾಟ್ ಎಸ್‌ಎಂಪಿಎಸ್ ಇರಲಿ ಎನ್ನುತ್ತದೆ. ಆ ಮಾತನ್ನು ಕೇಳುವುದು ಒಳ್ಳೆಯದು.

ಇನ್ನೊಂದು ಲೆಕ್ಕವೂ ಇದೆ. ಮದರ್‌ಬೋರ್ಡಿನ ಉದ್ದ ಸ್ಲಾಟ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಿದ್ದ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದಲೇ ಬೇರೆ ವೈರ್ ಬರಬೇಕು. 6 ಪಿನ್ನಿನ ವೈರ್ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ.

ಹಳೆಯ ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇಲ್ಲದಿದ್ದರೆ ಅಂಗಡಿಯಲ್ಲಿ ಒಂದು ಚಿಕ್ಕ ಕನ್ವರ್ಟರ್ ಸಿಗುತ್ತದೆ. ಹಾರ್ಡ್‌ಡಿಸ್ಕ್‌ಗೆ ಹೋಗುವ ಸಾಟಾ ವೈರಿನಿಂದ ಕಾರ್ಡ್‌ಗೆ ಕರೆಂಟ್ ಕೊಡುವಂಥದ್ದು. ದಯವಿಟ್ಟು ಇದನ್ನು ಮುಟ್ಟಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ತಡೆಯುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರಿಂದ 75 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಕಾರ್ಡ್‌ಗೆ ಬೇಕಾದ ವೈರ್ ಎಸ್‌ಎಂಪಿಎಸ್‌ನಲ್ಲಿ ಇಲ್ಲ ಎಂದರೆ, ಆ ಕಾರ್ಡನ್ನು ಹೊರುವ ಶಕ್ತಿ ಅದಕ್ಕಿಲ್ಲ ಎಂದೇ ತಿಳಿಯಿರಿ.

ಆಫೀಸಿನಿಂದ ಬಂದ ಹಳೆಯ ಪೆಟ್ಟಿಗೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಕಂಪನಿಗಳು ತೆಗೆದುಹಾಕುವ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಗಳ ಮೂಲಕ ನಮ್ಮ ಊರುಗಳಿಗೂ ಬರುತ್ತವೆ. ಕೊಟ್ಟ ದುಡ್ಡಿಗೆ ಇವು ಒಳ್ಳೆಯ ಯಂತ್ರಗಳೇ. ಆದರೆ ಕಾರ್ಡ್ ಹಾಕುವ ಮೊದಲು ಮೂರು ವಿಷಯ ನೋಡಬೇಕು.

ಒಂದು, ಇವುಗಳ ಎಸ್‌ಎಂಪಿಎಸ್ ಚಿಕ್ಕದು. 180, 240, 290 ವ್ಯಾಟ್, ಹೀಗೆ ಇರುತ್ತದೆ. ಗುಣಮಟ್ಟ ಚೆನ್ನಾಗಿಯೇ ಇದ್ದರೂ ಶಕ್ತಿ ಅಷ್ಟೇ. ಎರಡು, ಅನೇಕ ಮಾಡೆಲ್‌ಗಳಲ್ಲಿ ಮದರ್‌ಬೋರ್ಡ್‌ಗೆ ಹೋಗುವ ವೈರ್ ಸಾಮಾನ್ಯ 24 ಪಿನ್ನಿನದ್ದಲ್ಲ. ಆ ಕಂಪನಿಯದೇ ಬೇರೆ ಪಿನ್. ಅಂಗಡಿಯ ಎಸ್‌ಎಂಪಿಎಸ್ ಅದಕ್ಕೆ ನೇರವಾಗಿ ಕೂರುವುದಿಲ್ಲ, ಡಬ್ಬಿಯ ಅಳತೆಯೂ ಬೇರೆ ಇರಬಹುದು. ಮೂರು, ಸಣ್ಣ ಪೆಟ್ಟಿಗೆಗೆ ಪೂರ್ತಿ ಎತ್ತರದ ಕಾರ್ಡ್ ಹಿಡಿಸುವುದಿಲ್ಲ, ಲೋ ಪ್ರೊಫೈಲ್ ಕಾರ್ಡೇ ಬೇಕು.

ಇಂಥ ಪೆಟ್ಟಿಗೆ ಇದ್ದವರು ಬೇರೆ ವೈರ್ ಕೇಳದ ಕಾರ್ಡ್ ನೋಡಲಿ. ಜಿಟಿಎಕ್ಸ್ 1650 ಕಾರ್ಡ್ 75 ವ್ಯಾಟ್‌ನದು. ಅದರಲ್ಲಿ 6 ಪಿನ್ ಕೇಳುವ ಮಾಡೆಲ್‌ಗಳೂ ಇವೆ, ನೋಡಿ ಕೊಳ್ಳಬೇಕು. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ 70 ವ್ಯಾಟ್‌ನದು. 8 ಜಿಬಿ ಕಾರ್ಡಿಗೂ ಇದಕ್ಕೂ ಹೆಸರು ಒಂದೇ, ಹಸಿವು ಬೇರೆ. ಅಂಗಡಿಯಲ್ಲಿ ಬರೀ "3050 ಕೊಡಿ" ಎಂದರೆ ಯಾವುದು ಬರುತ್ತದೆ ಎಂದು ಹೇಳಲಾಗದು. ಎಷ್ಟು ಜಿಬಿ, ಎಷ್ಟು ವ್ಯಾಟ್, ಪಿನ್ ಇದೆಯೋ ಇಲ್ಲವೋ, ಮೂರನ್ನೂ ಕೇಳಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತರುವವರಿಗೆ ಒಂದು ಮಾತು. 2022ರ ಸೆಪ್ಟೆಂಬರ್‌ವರೆಗೆ ಎಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಹಗಲುರಾತ್ರಿ ಓಡಿಸುತ್ತಿದ್ದರು. ಅದು ನಿಂತ ಮೇಲೆ ಆ ಕಾರ್ಡ್‌ಗಳು ಹಳೆ ಮಾಲಿನ ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟಿರುತ್ತವೆ ಎಂದಲ್ಲ. ಆದರೆ ಫ್ಯಾನ್ ಸವೆದಿರಬಹುದು, ಪೇಸ್ಟ್ ಒಣಗಿರಬಹುದು. ಕಣ್ಣೆದುರು ಅರ್ಧ ಗಂಟೆಯಾದರೂ ಭಾರದ ಕೆಲಸ ಕೊಟ್ಟು ಓಡಿಸಿ ತೋರಿಸಿದರೆ ಮಾತ್ರ ದುಡ್ಡು ಕೊಡಿ.

ಲೇಬಲ್ ಓದುವುದು ಹೇಗೆ

ಕ್ಯಾಬಿನೆಟ್ ಜೊತೆಗೇ ಬರುವ ಎಸ್‌ಎಂಪಿಎಸ್ ಮೇಲೆ 450 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನು ನಂಬಬೇಡಿ, ಪಕ್ಕದ ಸಣ್ಣ ಕೋಷ್ಟಕ ಓದಿ. ಅಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಎಂದು ಬರೆದಿರುತ್ತಾರೆ. ಅದನ್ನು 12ರಿಂದ ಗುಣಿಸಿ. 14 ಆಂಪಿಯರ್ ಇದ್ದರೆ 168 ವ್ಯಾಟ್ ಆಯಿತು. ಪ್ರೊಸೆಸರ್ ಮತ್ತು ಕಾರ್ಡ್ ತಿನ್ನುವುದು ಮುಖ್ಯವಾಗಿ ಈ 12 ವೋಲ್ಟ್ ಲೈನಿನಿಂದ. ಅಂದಮೇಲೆ ಹೊರಗೆ 450 ಎಂದಿದ್ದರೂ ನಮ್ಮ ಕೆಲಸಕ್ಕೆ ಅದು 168 ವ್ಯಾಟ್‌ನ ಡಬ್ಬಿ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಲೈನ್ ಒಂದೇ 500 ವ್ಯಾಟ್ ದಾಟುತ್ತದೆ.

ಆಮೇಲೆ ಇನ್‌ಪುಟ್ ನೋಡಿ. 100–240 ವೋಲ್ಟ್ ಎಂದು ಬರೆದಿದ್ದರೆ ನಮ್ಮ ಊರುಗಳಿಗೆ ಒಳ್ಳೆಯದು. ಸಂಜೆ ಪಂಪ್‌ಸೆಟ್‌ಗಳು ಶುರುವಾದಾಗ ಟಿಸಿಯಿಂದ ದೂರದ ಮನೆಗಳಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. 200–240 ಎಂದಷ್ಟೇ ಇರುವ ಎಸ್‌ಎಂಪಿಎಸ್‌ಗೆ ಅದನ್ನು ತಡೆಯುವುದು ಕಷ್ಟ. ಕೆಲವು ಹಳೆಯ ಡಬ್ಬಿಗಳ ಹಿಂದೆ 115–230 ಎಂಬ ಕೆಂಪು ಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ಇಟ್ಟು ಆನ್ ಮಾಡಿದರೆ ಡಬ್ಬ್ ಎಂದು ಹೋಗುತ್ತದೆ.

80 ಪ್ಲಸ್ ಎಂಬ ಗುರುತು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂದು ಹೇಳುತ್ತದೆ. ಅದು ಸುರಕ್ಷತೆಯ ಗುರುತಲ್ಲ. ಭಾರತದ ಬಿಐಎಸ್ ನೋಂದಣಿ ಸಂಖ್ಯೆ ಮೈಮೇಲೆ ಇದ್ದರೆ ಅದನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಬಹುದು. ಫೋನ್ ಕೈಯಲ್ಲೇ ಇರುತ್ತದೆ, ಅಂಗಡಿಯಲ್ಲೇ ನಿಂತು ನೋಡಿ.

ಮೂರನೇ ಪಿನ್ನಿನ ಕಥೆ

ಕಂಪ್ಯೂಟರ್ ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. "ಸಣ್ಣ ಶಾಕ್, ಏನೂ ಆಗಲ್ಲ, ಚಪ್ಪಲಿ ಹಾಕ್ಕೊಂಡ್ರೆ ಸಾಕು" ಎಂಬ ಸಮಾಧಾನವೂ ಜೊತೆಗಿರುತ್ತದೆ. ಅದು ಏಕೆ ಬರುತ್ತದೆ ಎಂದು ತಿಳಿದರೆ ಚಪ್ಪಲಿಯ ಸಮಾಧಾನ ಉಳಿಯುವುದಿಲ್ಲ. ಎಸ್‌ಎಂಪಿಎಸ್‌ನ ಬಾಯಲ್ಲೇ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವು ಸ್ವಲ್ಪ ಕರೆಂಟನ್ನು ಅರ್ಥ್ ವೈರಿಗೆ ಬಿಡುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಪೆಟ್ಟಿಗೆಯ ಮೈಮೇಲೇ ನಿಲ್ಲುತ್ತದೆ, ಹೆಚ್ಚುಕಡಿಮೆ ಲೈನಿನ ಅರ್ಧ ವೋಲ್ಟೇಜ್ ಆಗಿ. ಆ ಕರೆಂಟ್ ಬಹಳ ಕಡಿಮೆ ಇರುವುದರಿಂದ ಜುಮ್ ಅನಿಸಿ ಮುಗಿಯುತ್ತದೆ. ಆದರೆ ಒಳಗೆ ಎಲ್ಲಾದರೂ ನಿಜವಾದ ಲೀಕೇಜ್ ಆದ ದಿನ ಜುಮ್‌ಗೆ ನಿಲ್ಲುವುದಿಲ್ಲ, ಮನುಷ್ಯನನ್ನೇ ಹಿಡಿದುಕೊಳ್ಳುತ್ತದೆ. ಅರ್ಥ್ ಇಲ್ಲದ ಕಂಪ್ಯೂಟರ್‌ಗೆ ಟಿವಿ, ಕೇಬಲ್ ಡಬ್ಬಿಯನ್ನು ಎಚ್‌ಡಿಎಂಐ ವೈರಿನಿಂದ ಜೋಡಿಸುವಾಗ ಕಾರ್ಡಿನ ಪೋರ್ಟ್ ಸುಡುವುದೂ ಇದರಿಂದಲೇ.

ಜುಮ್ ಅನ್ನುವ ಪೆಟ್ಟಿಗೆಗೆ ಹೊಸ ಕಾರ್ಡ್ ಹಾಕುವುದು, ನೆಲಗಟ್ಟಿಲ್ಲದ ಮನೆಗೆ ಮಾಳಿಗೆ ಕಟ್ಟಿದ ಹಾಗೆ.

ಕೆಲವರು ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಹಾಕುತ್ತಾರೆ. ಇನ್ನು ಕೆಲವು ಕಡೆ ಸಾಕೆಟ್‌ನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಎರಡಕ್ಕೂ ಒಂದೇ ತುಂಡು ವೈರ್ ಹಾಕಿ ಅರ್ಥಿಂಗ್ ಆಯಿತು ಎನ್ನುತ್ತಾರೆ. ಇದು ಅರ್ಥ್ ಇಲ್ಲದಿರುವುದಕ್ಕಿಂತ ಅಪಾಯ. ಎಲ್ಲೋ ನ್ಯೂಟ್ರಲ್ ಕಡಿದರೆ ಪೆಟ್ಟಿಗೆಯ ಮೈಗೆಲ್ಲ ಪೂರ್ತಿ 230 ವೋಲ್ಟ್ ಬಂದುಬಿಡುತ್ತದೆ.

ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ ಮೀಟರ್ ಹಿಡಿಸಿ ನೋಡಿ. ಫೇಸ್–ನ್ಯೂಟ್ರಲ್ ನಡುವೆ ಎಷ್ಟು ವೋಲ್ಟೇಜ್ ಇದೆಯೋ ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಲೋಡ್ ಹಾಕಿದಾಗಲೂ ಇದು ಹೀಗೇ ಉಳಿಯಬೇಕು. ಇಲ್ಲದಿದ್ದರೆ ಮನೆಯ ಹೊರಗೆ ಗುಂಡಿ ತೆಗೆಸಿ ಪೈಪ್ ಹೂಳಿಸಿ ಅರ್ಥಿಂಗ್ ಮಾಡಿಸಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದು ಹಾಕಿಸಿದರೆ ಕಂಪ್ಯೂಟರ್ ಮಾತ್ರ ಅಲ್ಲ, ಗ್ರೈಂಡರ್, ವಾಟರ್ ಹೀಟರ್ ಮುಟ್ಟುವ ಮನೆಯವರಿಗೂ ರಕ್ಷಣೆ. ಊರಿನ ಲೈನಿನಲ್ಲೇ ವೋಲ್ಟೇಜ್ ತೊಂದರೆ ಇದ್ದರೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ತೆಗೆದುಕೊಳ್ಳಿ.

ಯುಪಿಎಸ್ ಮೇಲೂ ಲೆಕ್ಕ ಇರಲಿ. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದು ಸೈನ್ ವೇವ್‌ನದೇ ಎಂದು ನೋಡಿ, ಯುಪಿಎಸ್ ಮೋಡ್‌ನಲ್ಲಿ ಇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಜೊತೆ ಒಳ್ಳೆಯ ಎಸ್‌ಎಂಪಿಎಸ್‌ಗಳೂ ಒಮ್ಮೊಮ್ಮೆ ಆಫ್ ಆಗುತ್ತವೆ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಯಾವ ಯುಪಿಎಸ್ಸನ್ನೂ ನಂಬದೆ ಪ್ಲಗ್ ಕಿತ್ತಿಡುವುದೇ ಸರಿ. ಇಂಟರ್‌ನೆಟ್ ವೈರನ್ನೂ ಕಿತ್ತಿಡಿ.

ಕೈ ಹಾಕುವಾಗ

ಮೊದಲು ಮುಖ್ಯ ಫೈಲುಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ ಅದನ್ನು ದೂರ ಇಡಿ. ಆಮೇಲೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪ್ಲಗ್ ಕೀಳಿ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಬಹುಪಾಲು ಇಳಿಯುತ್ತದೆ. ಮರದ ಮೇಜಿನ ಮೇಲೆ ಕೆಲಸ ಮಾಡಿ, ನೈಲಾನ್ ಚಾಪೆ, ಕಂಬಳಿ ಬೇಡ. ಕಾರ್ಡ್ ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣ ಇಲ್ಲದ ತಗಡನ್ನು ಒಮ್ಮೆ ಮುಟ್ಟಿ, ಮೈಯ ಸ್ಥಾಯಿ ವಿದ್ಯುತ್ ಇಳಿಯಲಿ.

ವೈರ್ ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಹಳೆಯ ಎಸ್‌ಎಂಪಿಎಸ್ ಹೊರತೆಗೆಯುವಾಗ ಅದರ ಎಲ್ಲ ವೈರ್‌ಗಳನ್ನೂ ತೆಗೆಯಿರಿ. ಹೊಸದಕ್ಕೆ ಹಳೆಯದರ ವೈರ್ ಬಳಸಬೇಡಿ. ವೈರ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಒಂದು ಕಂಪನಿಯ ವೈರ್ ಇನ್ನೊಂದರಲ್ಲಿ ಕೂತರೂ ಒಳಗಿನ ಪಿನ್ ಕ್ರಮ ಬೇರೆ ಇರುತ್ತದೆ. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕ್ ಸುಡುತ್ತದೆ. ಪ್ರೊಸೆಸರ್‌ನ 8 ಪಿನ್ ವೈರ್, ಕಾರ್ಡಿನ 8 ಪಿನ್ ವೈರ್ ನೋಡಲು ಅಕ್ಕತಂಗಿಯರಂತೆ ಇರುತ್ತವೆ. ಪ್ರೊಸೆಸರ್‌ನದು 4+4 ಆಗಿ ಒಡೆಯುತ್ತದೆ, ಕಾರ್ಡಿನದು 6+2 ಆಗಿ. ಬಲವಂತವಾಗಿ ತುರುಕಬೇಡಿ.

ಕಾರ್ಡ್ ಸ್ಲಾಟ್‌ನಲ್ಲಿ ಕ್ಲಿಕ್ ಎಂದು ಕೂರಬೇಕು, ಸ್ಕ್ರೂ ಬಿಗಿಯಾಗಬೇಕು, ಪವರ್ ವೈರ್ ಕೊನೆಯವರೆಗೆ ಒಳಗೆ ಹೋಗಬೇಕು. 2022ರಲ್ಲಿ ಆರ್‌ಟಿಎಕ್ಸ್ 4090 ಎಂಬ ದೊಡ್ಡ ಕಾರ್ಡಿನ ಕನೆಕ್ಟರ್ ಕರಗಿದ ದೂರುಗಳು ಬಂದಾಗ, ವೈರ್ ಪೂರ್ತಿ ಒಳಗೆ ಕೂರದಿದ್ದದ್ದು ಮುಖ್ಯ ಕಾರಣಗಳಲ್ಲೊಂದು ಎಂದು ಕಂಡುಬಂತು. ಕೊನೆಗೆ ಮಾನಿಟರ್ ವೈರನ್ನು ಮದರ್‌ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೆ ಹಾಕಿ. ಹಿಂಬದಿಯ ಖಾಲಿ ಸ್ಲಾಟ್‌ಗಳ ಪಟ್ಟಿ ಎಸೆಯಬೇಡಿ. ಆ ಕಿಂಡಿಯಿಂದಲೇ ಹಲ್ಲಿ, ಜಿರಲೆ ಒಳಗೆ ಹೋಗುವುದು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಕರೆಂಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಧೂಳು ಹೊಡೆಯಬೇಕಿದ್ದರೆ ಹೊರಗಿನಿಂದಲೇ ಬ್ಲೋವರ್ ಹಿಡಿಯಿರಿ.

ಅಂಗಡಿಯವರಿಗೂ ಗಿರಾಕಿಗಳಿಗೂ

"ಹತ್ತು ವರ್ಷದಿಂದ ಇದೇ ಎಸ್‌ಎಂಪಿಎಸ್ ಓಡ್ತಿದೆ, ಏನಾಗಿದೆ?" ಎಂದು ಕೇಳುವವರು ಇದ್ದಾರೆ. ಹತ್ತು ವರ್ಷ ಅದು ಹೊತ್ತದ್ದು ನೂರು ವ್ಯಾಟ್‌ನ ಆಸುಪಾಸಿನ ಭಾರ. ಈಗ ವಯಸ್ಸಾದ ಎತ್ತಿಗೆ ಎರಡು ಪಟ್ಟು ಭಾರ ಹೇರುತ್ತಿದ್ದೇವೆ.

ತಪ್ಪೆಲ್ಲ ಅಂಗಡಿಯವರದು ಎಂದು ನಾವು ಹೇಳುವುದಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ತೋರಿಸಿದರೆ "ಅಷ್ಟು ಯಾಕಣ್ಣ, ಕಡಿಮೇದು ಕೊಡಿ" ಎನ್ನುವವರು ನಾವೇ. ಆದರೂ ಅಂಗಡಿಯವರು ಒಂದು ಕೆಲಸ ಮಾಡಬಹುದು. ಕಾರ್ಡ್ ಕೇಳಿ ಬಂದವರಿಗೆ ಬೆಲೆ ಹೇಳುವ ಮೊದಲು "ನಿಮ್ಮ ಎಸ್‌ಎಂಪಿಎಸ್‌ನ ಲೇಬಲ್ ಫೋಟೊ ತೋರಿಸಿ, ಮನೇಲಿ ಅರ್ಥಿಂಗ್ ಇದೆಯಾ" ಎಂದು ಕೇಳಬಹುದು. ಬಿಲ್ಲಿನಲ್ಲಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬರೆದು ಕೊಡಬಹುದು. ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ಬಿಲ್ ಇದ್ದೂ ನ್ಯಾಯ ಸಿಗದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ದುಡ್ಡಿನ ವಿಷಯದಲ್ಲಿ ನಮ್ಮ ಸಲಹೆ ಸರಳ. 20,000 ರೂಪಾಯಿ ಇಟ್ಟುಕೊಂಡು ಹೊರಟವರು ಅದರಲ್ಲಿ ಕಾಲು ಭಾಗವನ್ನು ಮೊದಲೇ ಎಸ್‌ಎಂಪಿಎಸ್ ಮತ್ತು ಅರ್ಥಿಂಗ್‌ಗೆ ತೆಗೆದಿಡಲಿ. ಉಳಿದದ್ದರಲ್ಲಿ ಎಷ್ಟು ದೊಡ್ಡ ಕಾರ್ಡ್ ಬರುತ್ತದೋ ಅಷ್ಟೇ ನಮ್ಮ ಕಾರ್ಡ್. ಒಂದು ಹಂತ ಕೆಳಗಿನ ಕಾರ್ಡ್ ಹಾಕಿದರೆ ವಿಡಿಯೊ ತಯಾರಾಗಲು ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಆ ಹತ್ತು ನಿಮಿಷದಲ್ಲಿ ಒಂದು ಚಹಾ ಕುಡಿದು ಬರಬಹುದು. ನಿಮ್ಮ ಮನೆಯ ಎಸ್‌ಎಂಪಿಎಸ್ ಲೇಬಲ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ಎಂದು ಇವತ್ತೇ ಟಾರ್ಚ್ ಹಾಕಿ ಓದಿ ನೋಡಿ. ಪಕ್ಕದ ಸ್ಟುಡಿಯೊದವರಿಗೂ ಓದಲು ಹೇಳಿ.